ಮೂವತ್ತೊಂದನೆಯ ಫೋಟೊದ ಬೀಗ

2016ರ ಏಪ್ರಿಲ್, ಒಂದು ಶುಕ್ರವಾರ, ಸಂಜೆ ನಾಲ್ಕು ಗಂಟೆ. ಹ್ಯೂಸ್ಟನ್ನಿನಲ್ಲಿ ಎಣ್ಣೆ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರ್‌ನಲ್ಲಿದ್ದ ನಮ್ಮ ಕಂಪನಿಯ ಒಂಬತ್ತನೆಯ ಮಹಡಿಯ ಮೀಟಿಂಗ್ ಕೋಣೆಯಲ್ಲಿ ಮೂವರು ಕೂತಿದ್ದೆವು. ಒಬ್ಬಳು ಪ್ರಾಜೆಕ್ಟ್ ಮ್ಯಾನೇಜರ್ ಕ್ಯಾರಲ್. ಇನ್ನೊಬ್ಬ ಡ್ರಾಯಿಂಗ್ ವಿಭಾಗದ ಆಂಟೆ, ನಲವತ್ತರ ಆಸುಪಾಸಿನ ಆಜಾನುಬಾಹು, ಮಾತು ಕಡಿಮೆ. ಮೂರನೆಯವನು ನಾನು, ಪೈಪ್‌ಲೈನ್ ಹೈಡ್ರಾಲಿಕ್ಸ್ ವಿಭಾಗದ ಸೀನಿಯರ್ ಎಂಜಿನಿಯರ್. ಕುಲಕರ್ಣಿ ಎಂಬ ಹೆಸರು ಅಲ್ಲಿ ಯಾರ ನಾಲಿಗೆಗೂ ಹೊರಳದೆ ಎಲ್ಲರ ಬಾಯಲ್ಲೂ ‘ಕುಲ್’ ಆಗಿದ್ದೆ.

ಮೂವತ್ತು ವರ್ಷ ನಾನು ಮಾಡಿದ್ದು ಎಣ್ಣೆಯ ಪೈಪುಗಳ ಲೆಕ್ಕ. ಯಾವ ಪೈಪಿನಲ್ಲಿ ಎಷ್ಟು ಒತ್ತಡ, ಎಲ್ಲಿ ಪಂಪು, ಎಲ್ಲಿ ವಾಲ್ವ್. ಕುಡಿಯುವ ನೀರಿನ ಕೆಲಸ ಬಂದದ್ದು ಅದೊಂದೇ ಸಲ, ಅದೂ ಧರ್ಮಾರ್ಥ. ಕಂಪನಿ ವರ್ಷಕ್ಕೊಂದು ಬಡ ಊರಿಗೆ ಪುಕ್ಕಟೆ ಡಿಸೈನ್ ಮಾಡಿಕೊಡುತ್ತಿತ್ತು. ಆ ವರ್ಷ ಆಂಟೆ ತನ್ನ ತಾತನ ಊರನ್ನು ಸೂಚಿಸಿದ್ದ. ಕ್ರೊಯೇಷಿಯಾ ದೇಶದಲ್ಲಿ ಕಡಲತೀರದಿಂದ ಒಳಗೆ, ಬೆಟ್ಟ ಹತ್ತಿದರೆ ಸಿಗುವ ಹಳ್ಳಿ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನಿಂದ ಅವರಿಗೆ ಆಗಿದ್ದೇ ಸಾಕು.

ಆ ಹಳ್ಳಿಯ ವಿಚಾರ ಸ್ವಲ್ಪ ಹೇಳಬೇಕು. ನೆಲವೆಲ್ಲ ಸುಣ್ಣಕಲ್ಲು. ಮಳೆ ಚೆನ್ನಾಗಿಯೇ ಬೀಳುತ್ತದೆ, ಆದರೆ ಜರಡಿಗೆ ಹೊಯ್ದ ಹಾಗೆ ಬಿರುಕುಗಳಲ್ಲಿ ಇಳಿದು ಪಾತಾಳ ಸೇರುತ್ತದೆ. ಹೊಳೆ ಇಲ್ಲ, ತೋಡಿದರೆ ಬಾವಿಗೆ ನೀರು ಬರುವುದಿಲ್ಲ. ಹಿಂದೆ ಆಸ್ಟ್ರಿಯಾದ ದೊರೆಗಳ ಕಾಲದಲ್ಲಿ ಊರವರೇ ಸೇರಿ ಒಂದು ಇಳಿಜಾರಿಗೆ ಕಲ್ಲುಚಪ್ಪಡಿ ಹಾಸಿ, ಅದರ ತಗ್ಗಿನಲ್ಲಿ ನೆಲದೊಳಗೆ ದೊಡ್ಡ ತೊಟ್ಟಿ ಕಟ್ಟಿದ್ದರು. ಚಪ್ಪಡಿಯ ಮೇಲೆ ಬಿದ್ದ ಮಳೆ ಹರಿದು ತೊಟ್ಟಿಗೆ. ಎರಡು ಲಕ್ಷ ಲೀಟರು ಹಿಡಿಯುತ್ತಿತ್ತು, ಅಂದರೆ ನಮ್ಮ ಕಡೆಯ ಇಪ್ಪತ್ತು ಟ್ಯಾಂಕರ್ ಲಾರಿ. ಕರೆಂಟು ಬಂದದ್ದು ಎಷ್ಟೋ ಕಾಲದ ಮೇಲೆ. ತೊಂಬತ್ತರ ದಶಕದ ಯುದ್ಧದಲ್ಲಿ ಅರ್ಧ ಊರು ಸುಟ್ಟಿತು, ಹೋದವರಲ್ಲಿ ಬಹಳ ಮಂದಿ ಹಿಂದಿರುಗಲಿಲ್ಲ. ನಾವು ಕೆಲಸ ಹಿಡಿದಾಗ ಇದ್ದದ್ದು ನಲವತ್ತಮೂರು ಜನ. ನಳದ ನೀರು ಇನ್ನೂ ಬಂದಿರಲಿಲ್ಲ.

ನಮ್ಮ ಡಿಸೈನ್ ಸರಳ. ತಗ್ಗಿನ ಪೇಟೆಯಿಂದ ಏಳೂವರೆ ಕಿಲೋಮೀಟರ್ ಪ್ಲಾಸ್ಟಿಕ್ ಪೈಪು. ಊರ ಹತ್ತಿರ ಏರು ಜಾಸ್ತಿ, ಆದ್ದರಿಂದ ಅಲ್ಲೊಂದು ಬೂಸ್ಟರ್ ಪಂಪು, ನೀರನ್ನು ಇನ್ನಷ್ಟು ಮೇಲಕ್ಕೆ ತಳ್ಳುವ ಯಂತ್ರ. ಕರೆಂಟು ಹೋದರೆ ಎಂದು ಜನರೇಟರನ್ನೂ ಬರೆದಿದ್ದೆವು, ಆಮೇಲೆ ‘ಎರಡನೆಯ ಹಂತ’ ಎಂಬ ಪಟ್ಟಿಗೆ ನೂಕಿದೆವು. ಎರಡನೆಯ ಹಂತ ಎಂಬುದು ಎಲ್ಲ ಪ್ರಾಜೆಕ್ಟುಗಳಲ್ಲೂ ಇರುತ್ತದೆ. ಅದು ಬಂದದ್ದನ್ನು ಕಂಡವರು ಕಡಿಮೆ.

ನಮ್ಮಲ್ಲಿ ಯಾರೂ ಆ ಊರಿಗೆ ಹೋಗಿರಲಿಲ್ಲ. ಇಂಥ ಕೆಲಸಕ್ಕೆ ಡೆಸ್ಕ್ ಸ್ಟಡಿ ಎನ್ನುತ್ತಾರೆ: ಸ್ಥಳಕ್ಕೆ ಹೋಗದೆ, ಮೇಜಿನ ಮುಂದೆ ಕೂತು, ನಕ್ಷೆ, ಉಪಗ್ರಹ ಚಿತ್ರ, ಫೋಟೊಗಳ ಮೇಲೆ ಮಾಡುವ ಅಧ್ಯಯನ. ಅಲ್ಲಿನ ಪಂಚಾಯಿತಿಯವರು ನಲವತ್ತಾರು ಫೋಟೊ ಕಳಿಸಿದ್ದರು. ಅವುಗಳಲ್ಲಿ ಮೂವತ್ತೊಂದನೆಯದು ಆ ತೊಟ್ಟಿಯದು. ಬಿಳಿ ಚಪ್ಪಡಿಗಳು, ನಡುವೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಹಗ್ಗವಿಲ್ಲ, ಬಕೆಟ್ಟಿಲ್ಲ, ಸುತ್ತ ನರಪಿಳ್ಳೆಯಿಲ್ಲ.

ಪಂಪ್ ಹೌಸಿಗೆ ಒಂದು ಸಮತಟ್ಟು ಜಾಗ ಬೇಕಿತ್ತು. ಊರಿನಲ್ಲಿ ಸರ್ಕಾರದ ಹೆಸರಿನಲ್ಲಿದ್ದ, ಸುಲಭವಾಗಿ ಸಮ ಮಾಡಬಹುದಾದ ಜಾಗ ಆ ತೊಟ್ಟಿಯದೊಂದೇ. “ಇದು ಬಳಕೆಯಲ್ಲಿಲ್ಲ, ಬಿಟ್ಟ ತೊಟ್ಟಿ,” ಅಂದೆ. “ಕಲ್ಲು ತುಂಬಿ ಮುಚ್ಚಿಸೋಣ. ಮಕ್ಕಳು ಬೀಳುವ ಭಯವೂ ತಪ್ಪುತ್ತೆ, ಹಳೇ ನೀರು ಹೊಸ ನೀರಿಗೆ ಸೇರುವ ಭಯವೂ ತಪ್ಪುತ್ತೆ. ಚಪ್ಪಡಿ ಕಿತ್ತು ಅಲ್ಲೇ ಪಂಪ್ ಹೌಸ್.”

ಆಂಟೆ ಪೆನ್ಸಿಲ್ ಕೆಳಗಿಟ್ಟ. “ಕುಲ್, ನಾನು ಆ ಊರನ್ನ ನೋಡಿದ್ದು ಮೂರೇ ಸಲ, ಅದೂ ಹುಡುಗನಾಗಿದ್ದಾಗ. ತೇತಾ ಮಾರಾನ ಒಂದು ಮಾತು ಕೇಳ್ತೀನಿ.” ತೇತಾ ಅಂದರೆ ಅವರ ಭಾಷೆಯಲ್ಲಿ ಅತ್ತೆ, ಚಿಕ್ಕಮ್ಮ ಎಲ್ಲವೂ. ಮಾರಾ ಅವನ ತಂದೆಯ ತಂಗಿ, ಎಪ್ಪತ್ತೆಂಟರ ಮುದುಕಿ, ಆ ಊರಲ್ಲೇ ಒಬ್ಬಳೇ ಇದ್ದು ಮೇಕೆ ಸಾಕಿಕೊಂಡಿದ್ದಳು. “ಈಗ ಅಲ್ಲಿ ರಾತ್ರಿ ಹನ್ನೊಂದು, ಮಲಗಿರ್ತಾಳೆ. ನಾಳೆ ಬೆಳಿಗ್ಗೆ ಫೋನ್ ಮಾಡಲಾ?”

ನಾಳೆ ಎಂದರೆ ಶನಿವಾರ. ಶನಿವಾರ ನಮ್ಮ ಕನ್ನಡ ಬಳಗದ ಯುಗಾದಿ. ಹ್ಯೂಸ್ಟನ್ನಿನ ಪಕ್ಕದ ಶುಗರ್ ಲ್ಯಾಂಡ್‌ನ ಶಾಲೆಯೊಂದರ ಆಡಿಟೋರಿಯಂನಲ್ಲಿ ನಾಲ್ಕು ನೂರು ಜನರ ಮುಂದೆ ನಾನೇ ನಿರೂಪಕ. ಜೋಕುಗಳನ್ನು ಕಾರ್ಡಿನ ಮೇಲೆ ಬರೆದುಕೊಂಡಿದ್ದೆ, ಅವತ್ತೇ ಸಂಜೆ ಆರು ಗಂಟೆಗೆ ಮೈಕ್ ಟೆಸ್ಟಿಂಗ್ ಇತ್ತು. ಮನಸ್ಸು ಆಗಲೇ ಹೈವೇ ಸಿಕ್ಸ್ ಹಿಡಿದು ಮನೆ ಕಡೆ ಹೊರಟಿತ್ತು.

“ಮುದುಕಿಯನ್ನ ಕೇಳೋಕೆ ನಾಳೆ ತನಕ ಯಾಕಪ್ಪ ಕಾಯ್ತೀಯ,” ಅಂದೆ. “ಫೋಟೊದಲ್ಲಿ ಕಾಣ್ತಾ ಇದೆಯಲ್ಲ. ಇವತ್ತೇ ಮುಗಿಸೋಣ.”

ಕ್ಯಾರಲ್ ತಲೆಯಾಡಿಸಿದಳು. ವರದಿಯ ಕೋಷ್ಟಕದಲ್ಲಿ ಒಂದು ಸಾಲು ಸೇರಿತು: ಸಾರ್ವಜನಿಕ ತೊಟ್ಟಿ, ಬಳಕೆಯಲ್ಲಿಲ್ಲ, ಭರ್ತಿ ಮಾಡಿ ಮುಚ್ಚುವುದು. ಅದನ್ನು ಹೇಳಿದವನು ನಾನು, ಟೈಪ್ ಮಾಡಿದವನೂ ನಾನೇ. ಡ್ರಾಯಿಂಗಿನ ಮೂಲೆಯ ಚೌಕದಲ್ಲಿ, ‘ಬರೆದವರು’ ಎಂಬಲ್ಲಿ, ರೂಢಿಯಂತೆ ಆಂಟೆಯ ಪೂರ್ತಿ ಹೆಸರು ಬಂತು. ಪರಿಶೀಲಿಸಿದವನ ಜಾಗದಲ್ಲಿ ನನ್ನ ಎರಡಕ್ಷರದ ಇನಿಷಿಯಲ್ಸ್.

ಮರುದಿನ ನನ್ನ ಜೋಕುಗಳಿಗೆ ಜನ ಬಿದ್ದೂ ಬಿದ್ದೂ ನಕ್ಕರು.

ಎರಡು ವರ್ಷಕ್ಕೆ ಪೈಪು ಊರು ಮುಟ್ಟಿತು. ಉದ್ಘಾಟನೆಯ ಫೋಟೊ ನಮ್ಮ ಆಫೀಸಿನ ಗೋಡೆಯ ಮೇಲೆ ಬಂತು: ನಳಕ್ಕೆ ಬಾಯಿಟ್ಟ ಒಬ್ಬ ಅಜ್ಜ, ಚಪ್ಪಾಳೆ ತಟ್ಟುವ ಊರವರು. ಹಿನ್ನೆಲೆಯಲ್ಲಿ ಹೊಸ ಪಂಪ್ ಹೌಸ್, ಕೆಂಪು ಹೆಂಚು. ಹೋಗುತ್ತ ಬರುತ್ತ ನೋಡಿ ಹೆಮ್ಮೆಪಟ್ಟಿದ್ದೇನೆ, ಸುಳ್ಳು ಹೇಳಬಾರದು.

ಬೆಂಕಿ ಬಿದ್ದದ್ದು ಅದಾದ ಎರಡನೆಯ ಬೇಸಿಗೆಯಲ್ಲಿ, ಆಗಸ್ಟ್ ಕೊನೆಗೆ. ಬೆಟ್ಟದ ಮೇಲಿಂದ ಬುರಾ ಎಂಬ ಒಣಗಾಳಿ ಬೀಸುತ್ತಿತ್ತಂತೆ. ಪೈನ್ ಕಾಡಿನ ಬೆಂಕಿ ಮೊದಲು ಕರೆಂಟ್ ಕಂಬಗಳನ್ನು ಸುಟ್ಟಿತು. ಕರೆಂಟು ಹೋಯಿತು, ಪಂಪು ನಿಂತಿತು, ಪೈಪಿನಲ್ಲಿ ಉಳಿದ ನೀರು ಹತ್ತು ನಿಮಿಷಕ್ಕೆ ಮುಗಿಯಿತು. ತೊಟ್ಟಿಯಲ್ಲಿ ಇದ್ದದ್ದು ನಾವು ತುಂಬಿಸಿದ ಕಲ್ಲು. ಅಗ್ನಿಶಾಮಕದವರು ಇನ್ನೊಂದು ಕಡೆಯ ಬೆಂಕಿಯಲ್ಲಿದ್ದರು, ಎರಡು ಗಂಟೆ ತಡವಾಗಿ ಬಂದರು. ನಾಲ್ಕು ಮನೆ ಹೋದವು. ಜನರೆಲ್ಲ ಉಳಿದರು. ನಾಲ್ಕರಲ್ಲಿ ಒಂದು ಮಾರಾಳ ಮನೆ. ಅವಳ ಮೇಕೆಗಳು ಕೊಟ್ಟಿಗೆಯಲ್ಲೇ ಇದ್ದವು.

ಈ ಸುದ್ದಿ ಆಂಟೆಯ ಇ-ಮೇಲಿನಲ್ಲಿ ನನಗೆ ಬಂದಾಗ ನಮ್ಮ ಮನೆಯಲ್ಲಿ ಬೇರೆಯೇ ಗಡಿಬಿಡಿ. ಗಲ್ಫ್ ಕಡೆಯಿಂದ ಚಂಡಮಾರುತ ಬರುತ್ತದೆಂದು ಟೀವಿಯವರು ಕೂಗುತ್ತಿದ್ದರು. ಹ್ಯೂಸ್ಟನ್ನಿನವರಿಗೆ ಇದು ಪಾಠವಾಗಿಬಿಟ್ಟಿದೆ: ಬ್ಯಾಟರಿ, ಬ್ರೆಡ್ಡು, ಕಾರಿಗೆ ಪೆಟ್ರೋಲು, ಆಮೇಲೆ ಬಾತ್‌ಟಬ್ ತುಂಬ ನೀರು. ನನ್ನ ಹೆಂಡತಿ ಸುಮಿತ್ರಾ ಧಾರವಾಡದವಳು. ಎರಡೂ ಬಾತ್‌ರೂಮಿನ ಟಬ್ಬು ತೊಳೆದು, ನೀರು ಬಿಟ್ಟು, ಮೇಲೆ ಹಳೇ ಬೆಡ್‌ಶೀಟ್ ಮುಚ್ಚುತ್ತಿದ್ದಳು. ಆಸ್ಟಿನ್‌ನಿಂದ ಮಗಳು ಫೋನಿನಲ್ಲಿದ್ದಳು.

“ಅಮ್ಮಾ, ಸಿಟಿ ವಾಟರ್ ಇಸ್ ಫೈನ್! ವೈ ಸೋ ಮಚ್ ಡ್ರಾಮಾ?”

“ನಳದ ಮ್ಯಾಲೆ ನಂಬಿಕಿ ಇಲ್ಲಂತ ಅಲ್ಲವ್ವಾ. ಕರೆಂಟ್ ಹೋತಂದ್ರ ನಳ ಏನ್ ಮಾಡ್ತದ, ಅಳ್ತದೇನು? ನೀನೂ ತುಂಬಿಡು, ಸುಮ್ನ ಇಂಗ್ಲಿಷ್ ಹೊಡೀಬ್ಯಾಡ.”

ಟೇಬಲ್ಲಿನ ಮೇಲೆ ಲ್ಯಾಪ್‌ಟಾಪಿನಲ್ಲಿ ನಾನು ಮೂವತ್ತೊಂದನೆಯ ಫೋಟೊ ತೆರೆದಿದ್ದೆ. ಯಾಕೆ ತೆರೆದೆನೋ. ಅವಳು ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತಳು.

“ಏನ್ರೀ ಇದು, ಯಾರ ಮನಿ ಬಾವಿ?”

“ಒಂದು ಊರಿನ ಹಳೇ ತೊಟ್ಟಿ. ಯಾರೂ ಬಳಸ್ತಿರಲಿಲ್ಲ.”

“ಹಾಳು ಬಿದ್ದ ತೊಟ್ಟಿಗೆ ಯಾರರ ಬೀಗ ಹಾಕ್ತಾರೇನ್ರಿ?” ಅಂದಳು. “ಮತ್ತ ನೋಡ್ರಿ, ಕಲ್ಲಿನ ಸಂದಿನ್ಯಾಗ ಒಂದ್ ಕಡ್ಡಿ ಹುಲ್ಲಿಲ್ಲ. ಯಾರೋ ದಿನಾ ಕಸಾ ಹೊಡೀತಾರ.”

ಫೋಟೊವನ್ನು ದೊಡ್ಡದು ಮಾಡಿದೆ. ಬೀಗಕ್ಕೆ ತುಕ್ಕಿರಲಿಲ್ಲ. ಎಣ್ಣೆ ಹಚ್ಚಿದ ಹೊಳಪಿತ್ತು.

ನಾನು ನವಲಗುಂದದ ಕಡೆಯ ಎರೆಮಣ್ಣಿನ ಊರಿನವನು. ನಮ್ಮಲ್ಲಿ ಬಾವಿ ತೋಡಿದರೆ ಬರುವುದು ಸವುಳು ನೀರು, ಬಾಯಿಗಿಡಲಾಗದು. ಕುಡಿಯುವುದು ಮಳೆಯ ನೀರು ನಿಂತ ಸಿಹಿನೀರ ಕೆರೆಯಿಂದ. ಆ ಕೆರೆಯಲ್ಲಿ ದನ ಇಳಿಯುವ ಹಾಗಿಲ್ಲ, ಬಟ್ಟೆ ಒಗೆಯುವ ಹಾಗಿಲ್ಲ, ಚಪ್ಪಲಿ ಏರಿಯ ಆಚೆಗೇ ಬಿಡಬೇಕು. ಪರವೂರಿನವರು ನೋಡಿದರೆ ‘ಇದೇನು, ಇಷ್ಟು ದೊಡ್ಡ ಕೆರೆ, ಒಂದು ಎಮ್ಮೆಯೂ ಇಲ್ಲ’ ಅನ್ನಬೇಕು, ಅಷ್ಟು ಖಾಲಿ. ಏಳು ವರ್ಷದವನಿದ್ದಾಗ ನಾನೊಮ್ಮೆ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟೆ. ಅಜ್ಜ ಕಿವಿ ಹಿಡಿದು ಎಬ್ಬಿಸಿದ. “ಲೇ, ಊರ ಬಾಯಾಗ ಕಾಲಿಡ್ತೀಯೇನು?” ಅಂದ. ಆ ಕಿವಿ ಇನ್ನೂ ಬಿಸಿ ಇದೆ. ನೀರನ್ನು ಮುಟ್ಟದೆ ಇಡುವುದೇ ಅದನ್ನು ಬಳಸುವ ಕ್ರಮ ಎಂದು ಕಲಿತು ಬೆಳೆದವನಿಗೆ, ಒಂಬತ್ತನೆಯ ಮಹಡಿಯಲ್ಲಿ ಬೀಗದ ಅರ್ಥ ಹೊಳೆಯಲಿಲ್ಲ.

ಚಂಡಮಾರುತ ಲೂಸಿಯಾನಾದ ಕಡೆ ತಿರುಗಿತು. ಸುಮಿತ್ರಾ ಟಬ್ಬಿನ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಕರಿಬೇವಿನ ಗಿಡಕ್ಕೆ ಹಾಕಿದಳು.

ಮೂರು ವಾರದ ಮೇಲೆ ಕ್ಯಾರಲ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. ಆಂಟೆ ಆ ಹೊತ್ತಿಗೆ ಡಲ್ಲಾಸ್ ಕಚೇರಿಗೆ ಶಿಫ್ಟ್ ಆಗಿದ್ದ. “ಊರವರು ಆಂಟೆಯ ಮೇಲೆ ತಿರುಗಿಬಿದ್ದಿದ್ದಾರೆ,” ಅಂದಳು. ಪಂಚಾಯಿತಿ ಗೋಡೆಯ ಮೇಲೆ ಡ್ರಾಯಿಂಗ್ ತೂಗುಹಾಕಿದ್ದರು, ಅದರಲ್ಲಿ ತಮ್ಮೂರಿನದೇ ಮನೆತನದ ಹೆಸರು. ನಮ್ಮ ರಕ್ತದವನೇ ನಮ್ಮ ನೀರಿಗೆ ಕಲ್ಲು ಹಾಕಿದ ಎಂದರು. ತೊಟ್ಟಿಯ ಕೀಲಿಕೈ ಇದ್ದದ್ದು ಮಾರಾಳ ಬಳಿಯೇ. ಮಳೆಗಾಲಕ್ಕೆ ಮೊದಲು ಚಪ್ಪಡಿ ಗುಡಿಸಿ, ಒಳಗೆ ಆಳನ್ನು ಇಳಿಸಿ ಸುಣ್ಣ ಬಳಿಸಿ, ವಾರಕ್ಕೆರಡು ದಿನ ಮುಚ್ಚಳ ತೆರೆದು ಮನೆಮನೆಗೆ ನೀರು ಕೊಡುವುದು ಅವಳ ಹೊಣೆ, ಅವಳಿಗಿಂತ ಮುಂಚೆ ಅವಳ ಅತ್ತೆಯದು. ಕಲ್ಲು ತುಂಬಲು ಬಂದಾಗ ಮಾರಾ ಮುಚ್ಚಳದ ಮೇಲೆ ಕೂತಳಂತೆ. ಹ್ಯೂಸ್ಟನ್ನಿನಿಂದ ಬಂದ ಕಾಗದ, ಆಂಟೆ ಬರೆದದ್ದು ಎಂದು ತೋರಿಸಿದ ಮೇಲೆ ಎದ್ದು, ಕೀಲಿ ಕೊಟ್ಟಳಂತೆ.

“ಆಂಟೆ ಏನಂದ?” ಕೇಳಿದೆ.

“ಹೆಸರು ನನ್ನದೇ ಅಲ್ಲವಾ ಅಂದನಂತೆ.” ಆಮೇಲೆ ಅವಳು ಬಂದ ಕೆಲಸ ಹೇಳಿದಳು. “ಲೀಗಲ್ ವಿಭಾಗದವರು ಹೇಳಿದ್ದಾರೆ, ಆ ಊರಿಗೆ ಯಾರೂ ಏನೂ ಬರೆಯಬಾರದು.”

ಈ ಮಾತನ್ನು ನಾನು ಎಷ್ಟು ಸಲೀಸಾಗಿ ಒಪ್ಪಿಕೊಂಡೆ ಎಂಬುದು ಈ ಬರಹದಲ್ಲಿ ನಾನು ಹೇಳಲೇಬೇಕಾದ ಸಂಗತಿ. ನಿಯಮ ಎಂದುಕೊಂಡೆ. ನಿವೃತ್ತಿಗೆ ಮೂರು ತಿಂಗಳಿತ್ತು. ಅಕ್ಟೋಬರ್ ಕಳೆಯಿತು, ನವೆಂಬರ್ ಕಳೆಯಿತು. ಡಿಸೆಂಬರಿನಲ್ಲಿ ಕೇಕ್ ಕತ್ತರಿಸಿದರು, ಭಾಷಣ ಮಾಡಿದರು. ಭಾಷಣದಲ್ಲಿ ಒಬ್ಬ ಯಾರೋ ಆ ಅಜ್ಜ ನೀರು ಕುಡಿಯುವ ಫೋಟೊದ ಪ್ರಸ್ತಾಪ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೇಕಿನ ತಟ್ಟೆ ಹಿಡಿದು ನಿಂತಿದ್ದೆ.

ಮನೆಗೆ ಬಂದು ಸುಮಿತ್ರಾಳಿಗೆ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬದಿಗಿಟ್ಟಳು. “ಆ ಮನಷ್ಯಾ ನಿಮ್ಮ ಹೆಸರು ಹೇಳದ ಕೂತಾನ, ನೀವೂ ಹೇಳದ ಕೂತೀರಿ. ಇಬ್ಬರೂ ಸುಮ್ನ ಕೂತ್ರೂ ಎರಡೂ ಒಂದ ಏನ್ರೀ?”

ಜನವರಿಯ ಮೊದಲ ಶನಿವಾರ ಬೆಳಿಗ್ಗೆ ಡಲ್ಲಾಸಿಗೆ ಡ್ರೈವ್ ಮಾಡಿದೆವು. ಆಂಟೆಯ ಮನೆ ಡಲ್ಲಾಸಿನ ಅಂಚಿನ ಫ್ಲವರ್ ಮೌಂಡಿನಲ್ಲಿ. ಐದು ಗಂಟೆಯ ದಾರಿ. ಸುಮಿತ್ರಾ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು, ಬರಿಗೈಲಿ ಹೋಗಬಾರದೆಂದು. ದಾರಿಯುದ್ದಕ್ಕೂ ನಾನು ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದೆ. ನಾಲ್ಕು ನೂರು ಜನರ ಮುಂದೆ ತೊದಲದವನಿಗೆ ಆ ನಾಲ್ಕು ವಾಕ್ಯ ಕೂಡಿಬರಲಿಲ್ಲ.

ಆಂಟೆ ಬಾಗಿಲು ತೆರೆದು ನಕ್ಕ. “ಕುಲ್! ರಿಟೈರ್ ಆದವನಿಗೆ ದಾರಿ ತಪ್ಪಿತಾ?”

ಕೂರುವ ಮೊದಲೇ ಹೇಳಿದೆ. “ಆಂಟೆ, ನೀನು ಕೇಳ್ತೀನಿ ಅಂದಿದ್ದೆ. ಬೇಡ ಅಂದವನು ನಾನು. ನನಗೆ ಮನೆಗೆ ಹೋಗುವ ಅವಸರ ಇತ್ತು. ಇದನ್ನ ನಿಮ್ಮ ತೇತಾಗೆ ನಾನೇ ಹೇಳಬೇಕು.”

ಅವನು ಜೇಬಿನಿಂದ ಫೋನ್ ತೆಗೆದ. “ಈಗಲಾ?”

“ಅಲ್ಲಿ ಈಗ ಎಷ್ಟು ಗಂಟೆ?”

“ಸಂಜೆ ಏಳು. ಎದ್ದಿರ್ತಾಳೆ,” ಅಂದ. ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಫೋನಿನ ಪರದೆಯ ಮೇಲೆ ಮಾರಾ ಕಂಡಳು. ತಲೆಗೆ ಕಪ್ಪು ವಸ್ತ್ರ, ಹಿಂದೆ ಅಪಾರ್ಟ್‌ಮೆಂಟಿನ ಬಿಳಿ ಗೋಡೆ. ಕಡಲತೀರದ ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಆಂಟೆ ಅವರ ಭಾಷೆಯಲ್ಲಿ ಹೇಳುತ್ತ ಹೋದ. ತಪ್ಪು ನನ್ನದು, ಆಂಟೆ ನಿಮ್ಮನ್ನು ಕೇಳಬೇಕೆಂದಿದ್ದ, ನಾನು ತಡೆದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ನಮ್ಮೂರ ಕೆರೆಯ ಮಾತು ತೆಗೆದೆ. ನಮ್ಮಲ್ಲೂ ಹೀಗೇ ಇದೆ ತಾಯೀ, ನಾವೂ ಮಳೆನೀರೇ ಕುಡಿದು ಬೆಳೆದವರು, ಚಪ್ಪಲಿ ಕೂಡ ದೂರ ಬಿಡುತ್ತಿದ್ದೆವು ಅಂದೆ. ಹತ್ತಿರವಾಗಬಹುದೆಂಬ ಆಸೆ ಇತ್ತೇನೋ.

ಮಾರಾ ಒಂದೇ ಮಾತು ಆಡಿದಳು. ಆಂಟೆ ಅದನ್ನು ಹೇಳಲು ತಡಮಾಡಿದ.

“ಹೇಳಪ್ಪ,” ಅಂದೆ.

“ಹಾಗಾದರೆ ನಿನಗೆ ಗೊತ್ತಿತ್ತು, ಅಂತಾಳೆ.”

ಸುಮಿತ್ರಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳು. ಮಾರಾ ಆಮೇಲೆ ಆಂಟೆಯೊಂದಿಗೇ ಮಾತಾಡಿದಳು, ಮೆಲ್ಲಗೆ, ಬಹಳ ಹೊತ್ತು. ಅವನು ಕಣ್ಣೊರೆಸಿಕೊಂಡ. ಅದು ಅವರಿಬ್ಬರ ಮಾತು, ನಾನು ಕೇಳಲಿಲ್ಲ.

ಆ ವಾರವೇ ಪಂಚಾಯಿತಿಗೆ ನನ್ನ ಪೂರ್ತಿ ಹೆಸರು, ಸಹಿ ಹಾಕಿ ಕಾಗದ ಬರೆದೆ: ಶಿಫಾರಸು ನನ್ನದು, ತಪ್ಪಾದದ್ದು, ತೊಟ್ಟಿಯ ಕಲ್ಲು ತೆಗೆಸಬೇಕು, ಪಂಪ್ ಹೌಸನ್ನು ರಸ್ತೆಯ ಬದಿಗೆ ಸರಿಸಬೇಕು, ಜನರೇಟರ್ ಮೊದಲ ಹಂತದಲ್ಲೇ ಬೇಕು. ಅದನ್ನು ಅವರು ಡ್ರಾಯಿಂಗಿನ ಪಕ್ಕದಲ್ಲಿ ಅಂಟಿಸಿದರಂತೆ. ಜನರೇಟರ್ ಬರಲು ಎರಡು ವರ್ಷ ಹಿಡಿಯಿತು, ಪಂಪ್ ಹೌಸ್ ಸರಿಯಲು ಮೂರು. ಅದಾದ ಮೇಲಿನ ಮೇ ತಿಂಗಳಲ್ಲಿ ಆಂಟೆ ಮತ್ತು ನಾನು ಆ ಊರಿಗೆ ಹೋಗಿ, ಊರವರ ಜೊತೆ ಸಾಲಿನಲ್ಲಿ ನಿಂತು ಒಂಬತ್ತು ದಿನ ತೊಟ್ಟಿಯ ಕಲ್ಲು ಹೊತ್ತೆವು. ಮೂರನೆಯ ದಿನಕ್ಕೆ ನನ್ನ ಸೊಂಟ ಹಿಡಿಯಿತು. ಉದ್ಘಾಟನೆಯ ಫೋಟೊದ ಆ ಅಜ್ಜ ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡು, “ಎಂಜಿನಿಯರ್, ತುಂಬಿಸೋದು ಸುಲಭ ಇತ್ತಾ?” ಎಂದು ಕೇಳಿ ತನ್ನ ಮಾತಿಗೆ ತಾನೇ ನಕ್ಕ. ಉಳಿದವರೂ ನಕ್ಕರು. ನಾನೂ ನಕ್ಕೆ, ನಗಬೇಕಾದ ಮಾತೇ ಆಗಿತ್ತು.

ಈಗಲೂ ಹ್ಯೂಸ್ಟನ್ನಿನ ಕಂಪನಿಗಳಿಗೆ ಹೊಸದಾಗಿ ಬಂದ ನಮ್ಮ ಕಡೆಯ ಎಂಜಿನಿಯರುಗಳು ಮನೆಗೆ ಬಂದು, ‘ಅಂಕಲ್, ಏನಾದರೂ ಅಡ್ವೈಸ್’ ಅಂದರೆ ಈ ಕಥೆ ಹೇಳುತ್ತೇನೆ. ಫೋಟೊದಲ್ಲಿ ಮನುಷ್ಯರು ಕಾಣದಿದ್ದರೆ ಅಲ್ಲಿನ ಒಬ್ಬರಿಗೆ ಫೋನ್ ಮಾಡಿ, ಮಲಗಿದ್ದರೆ ಅವರು ಏಳುವ ತನಕ ಕಾಯಿರಿ ಅನ್ನುತ್ತೇನೆ. ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ. ನಮ್ಮಜ್ಜ ಅದನ್ನು ಕೆರೆಯ ಮೆಟ್ಟಿಲ ಮೇಲೆ ಮೊದಲೇ ಕಲಿಸಿದ್ದ.

ನಾವು ಕಲ್ಲು ತೆಗೆದ ವರ್ಷವೇ, ಊರವರು ಚಪ್ಪಡಿ ಮತ್ತೆ ಹಾಸಿ ಮುಗಿಸಿದ ಮೇಲೆ, ಅಕ್ಟೋಬರಿನಲ್ಲಿ ಅಲ್ಲಿ ಮಳೆ ಬಂತು. ಚಪ್ಪಡಿ ತೊಳೆದ ಮೊದಲ ಮಳೆಯ ನೀರನ್ನು ಪದ್ಧತಿಯಂತೆ ಹೊರಗೆ ಬಿಟ್ಟರು. ಎರಡನೆಯ ಮಳೆಗೆ ತೊಟ್ಟಿಯಲ್ಲಿ ಮೊಣಕಾಲೆತ್ತರ ನೀರು ನಿಂತಿತು ಎಂದು ಆಂಟೆ ಬರೆದ. ಮುಚ್ಚಳಕ್ಕೆ ಹೊಸ ಬೀಗ ಹಾಕಿದರು. ಮಾರಾ ಊರಿಗೆ ಮರಳಲಿಲ್ಲ. ಕೀಲಿಕೈಯನ್ನು ಪಕ್ಕದ ಮನೆಯ ಹೆಂಗಸು ಇಟ್ಟುಕೊಂಡಳು.